ಲಂಬ ಎಳೆದು ತೋರಿಸಿದ ಭಾಸ್ಕರಾಚಾರ್ಯರು

ಮಕ್ಕಳೇ, ಉದ್ದ ನೋಟ್‌ಪುಸ್ತಕದ ಒಂದು ಖಾಲಿ ಹಾಳೆ, ಸ್ಕೇಲು, ಪೆನ್ಸಿಲು ಮತ್ತು ಕತ್ತರಿ ತೆಗೆದುಕೊಳ್ಳಿ. ಹಾಳೆಯ ಒಂದು ಮೂಲೆಯಿಂದ ಅಡ್ಡ ಅಂಚಿನ ಮೇಲೆ 15 ಸೆಂಟಿಮೀಟರಿಗೆ ಒಂದು ಚುಕ್ಕೆ ಇಡಿ. ಅದೇ ಮೂಲೆಯಿಂದ ಉದ್ದ ಅಂಚಿನ ಮೇಲೆ 20 ಸೆಂಟಿಮೀಟರಿಗೆ ಇನ್ನೊಂದು ಚುಕ್ಕೆ ಇಡಿ. ಎರಡೂ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿ, ಗೆರೆಯ ಗುಂಟ ಕತ್ತರಿಸಿ. ನಿಮ್ಮ ಕೈಯಲ್ಲಿ ಈಗ ಒಂದು ಲಂಬಕೋನ ತ್ರಿಭುಜವಿದೆ. ಓರೆಯಾಗಿರುವ ಉದ್ದನೆಯ ಬಾಹುವನ್ನು ಅಳೆದು ನೋಡಿ. ಸರಿಯಾಗಿ ಕತ್ತರಿಸಿದ್ದರೆ 25 ಸೆಂಟಿಮೀಟರ್ ಇರುತ್ತದೆ.

ಈ ತ್ರಿಭುಜವನ್ನು ಎಸೆಯಬೇಡಿ, ಪುಸ್ತಕದೊಳಗೆ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬೇಕಾಗುತ್ತದೆ. 15 ಮತ್ತು 20 ಎಂಬ ಈ ಎರಡು ಅಳತೆಗಳನ್ನು ನಾವು ಸುಮ್ಮನೆ ಆರಿಸಿಕೊಂಡದ್ದಲ್ಲ. ಇವು 1150ನೇ ಇಸವಿಯಲ್ಲಿ ಬರೆದ ಒಂದು ಪುಸ್ತಕದಲ್ಲಿವೆ. ಬರೆದವರು ಭಾಸ್ಕರಾಚಾರ್ಯರು. ಆಗ ಅವರಿಗೆ 36 ವರ್ಷ.

ಅವರ ವಯಸ್ಸು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಮ್ಮ ಹಳೆಯ ವಿದ್ವಾಂಸರಲ್ಲಿ ಬಹಳ ಮಂದಿ ತಮ್ಮ ಬಗ್ಗೆ ಏನನ್ನೂ ಬರೆದಿಟ್ಟಿಲ್ಲ. ಭಾಸ್ಕರಾಚಾರ್ಯರು ಮಾತ್ರ ತಾವು ಹುಟ್ಟಿದ್ದು ಶಕ ವರ್ಷ 1036ರಲ್ಲಿ, ಗ್ರಂಥ ಬರೆದದ್ದು 36ನೇ ವಯಸ್ಸಿನಲ್ಲಿ ಎಂದು ತಮ್ಮ ಗ್ರಂಥದಲ್ಲೇ ತಿಳಿಸಿದ್ದಾರೆ. ಶಕ ವರ್ಷಕ್ಕೆ 78 ಕೂಡಿದರೆ ಈಗಿನ ಇಸವಿ ಸಿಗುತ್ತದೆ. ಕೂಡಿ ನೋಡಿ, 1114 ಬರುತ್ತದೆ. ಅಂದರೆ ಅವರು ಬಸವಣ್ಣನವರ ಕಾಲದವರು. ಕಲ್ಯಾಣದಲ್ಲಿ ವಚನಗಳು ಹುಟ್ಟುತ್ತಿದ್ದ ಶತಮಾನದಲ್ಲೇ ಭಾಸ್ಕರಾಚಾರ್ಯರು ಲೆಕ್ಕ ಬರೆಯುತ್ತಿದ್ದರು.

ತಮ್ಮ ಊರು ಸಹ್ಯಪರ್ವತದ ಮಗ್ಗುಲಲ್ಲಿರುವ ವಿಜ್ಜಡವಿಡ ಎಂದೂ ಅವರು ಹೇಳಿದ್ದಾರೆ. ಇಂದು ಆ ಹೆಸರಿನ ಊರಿಲ್ಲ. ನಮ್ಮ ವಿಜಯಪುರವೇ ಆ ಊರು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದ ಸುತ್ತಮುತ್ತ ಅದು ಇತ್ತೆಂದು ಬೇರೆಯವರು ಹೇಳುತ್ತಾರೆ. ಎರಡೂ ಕಡೆಯವರು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತಾರೆ. ಒಳ್ಳೆಯ ಗಣಿತಜ್ಞನಿಗಾಗಿ ಊರುಗಳು ಜಗಳವಾಡುವುದು ಕೆಟ್ಟ ಜಗಳವೇನಲ್ಲ!

ಅವರ ತಂದೆ ಮಹೇಶ್ವರರು. ಮಗನಿಗೆ ಗಣಿತವನ್ನೂ ಜ್ಯೋತಿಷವನ್ನೂ ಕಲಿಸಿದ ಗುರುಗಳು ಅವರೇ. ಆಗಿನ ಜ್ಯೋತಿಷ ಎಂದರೆ ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಆಕಾಶದಲ್ಲಿ ಎಲ್ಲಿರುತ್ತವೆ, ಗ್ರಹಣ ಯಾವಾಗ ಆಗುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರವೂ ಹೌದು. ಲೆಕ್ಕದಲ್ಲಿ ತಪ್ಪಾದರೆ ಗ್ರಹಣ ಹೇಳಿದ ಹೊತ್ತಿಗೆ ಆಗುವುದಿಲ್ಲ. ಊರಿನವರೆಲ್ಲ ನೋಡುತ್ತಿರುತ್ತಾರೆ. ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಲೆಕ್ಕವನ್ನು ಸರಿನೋಡುವ ಅಭ್ಯಾಸ ಚಿಕ್ಕಂದಿನಿಂದಲೇ ಬಂದಿರಬೇಕು.

36ನೇ ವಯಸ್ಸಿನಲ್ಲಿ ಅವರು ಬರೆದ ದೊಡ್ಡ ಗ್ರಂಥದ ಹೆಸರು ಸಿದ್ಧಾಂತ ಶಿರೋಮಣಿ. ಅದರಲ್ಲಿ ನಾಲ್ಕು ಭಾಗಗಳಿವೆ. ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ. ಮೊದಲ ಎರಡು ಗಣಿತಕ್ಕೆ, ಕೊನೆಯ ಎರಡು ಖಗೋಳಕ್ಕೆ ಸೇರಿದವು. ಲೀಲಾವತಿಯಲ್ಲಿರುವುದು ಪಾಟೀಗಣಿತ. ಪಾಟಿ ಎಂದರೆ ಹಲಗೆ. ಉತ್ತರ ಕರ್ನಾಟಕದ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ಅಜ್ಜ ಅಜ್ಜಿಯರು ಶಾಲೆಗೆ ಪಾಟಿ ಹಿಡಿದುಕೊಂಡೇ ಹೋದವರು. ಆಗಿನ ಕಾಲದಲ್ಲಿ ಹಲಗೆಯ ಮೇಲೆ ನುಣ್ಣನೆಯ ಧೂಳು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಿ ಬರೆದು ಲೆಕ್ಕ ಮಾಡುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಉಳಿಯಬೇಕಾದ ನಿಯಮಗಳನ್ನು ಮಾತ್ರ ಶ್ಲೋಕ ಮಾಡಿ ಬಾಯಿಪಾಠ ಮಾಡುತ್ತಿದ್ದರು.

ಲೀಲಾವತಿ ಯಾರು? ಭಾಸ್ಕರಾಚಾರ್ಯರ ಮಗಳು ಎಂಬ ಕಥೆ ನೀವೂ ಕೇಳಿರಬಹುದು. ಮದುವೆಯ ಮುಹೂರ್ತ ತಿಳಿಯಲು ತಂದೆ ನೀರಿನ ಗಡಿಯಾರ ಇಟ್ಟಿದ್ದರಂತೆ. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲು ನೀರಿನ ಮೇಲೆ ತೇಲುತ್ತಿತ್ತು. ಅದು ತುಂಬಿ ಮುಳುಗಿದಾಗ ಮುಹೂರ್ತ. ಹುಡುಗಿ ಬಗ್ಗಿ ನೋಡುವಾಗ ಅವಳ ಒಡವೆಯ ಒಂದು ಮುತ್ತು ಬಟ್ಟಲಿಗೆ ಬಿದ್ದು ತೂತು ಮುಚ್ಚಿಹೋಯಿತಂತೆ. ಮುಹೂರ್ತ ಮೀರಿತು, ಮದುವೆ ನಿಂತಿತು. ಮಗಳ ದುಃಖ ಮರೆಸಲು ತಂದೆ ಅವಳ ಹೆಸರಿನಲ್ಲಿ ಪುಸ್ತಕ ಬರೆದರಂತೆ.

ಕಥೆ ಮನಸ್ಸಿಗೆ ನಾಟುತ್ತದೆ. ಆದರೆ ಇದು ಭಾಸ್ಕರಾಚಾರ್ಯರ ಗ್ರಂಥದಲ್ಲಿ ಇಲ್ಲ. ಅಕ್ಬರ್ ಬಾದಷಹನ ಅಪ್ಪಣೆಯಂತೆ ಫೈಜಿ ಎಂಬ ಕವಿ 1587ರಲ್ಲಿ ಲೀಲಾವತಿಯನ್ನು ಪಾರಸಿ ಭಾಷೆಗೆ ತಂದ. ಅವನ ಮುನ್ನುಡಿಯಲ್ಲಿ ಈ ಕಥೆ ಬರುತ್ತದೆ. ಗ್ರಂಥ ಹುಟ್ಟಿದ್ದು 1150ರಲ್ಲಿ, ಕಥೆ ಬರೆದದ್ದು 437 ವರ್ಷಗಳ ಮೇಲೆ. ಗ್ರಂಥದಲ್ಲಿ ಲೆಕ್ಕ ಕೇಳುವಾಗ ಆಚಾರ್ಯರು ಒಮ್ಮೆ ಬಾಲೆಯನ್ನು ಕರೆಯುತ್ತಾರೆ, ಒಮ್ಮೆ ಗೆಳೆಯನನ್ನು, ಇನ್ನೊಮ್ಮೆ ವ್ಯಾಪಾರಿಯನ್ನು. ಆದ್ದರಿಂದ ಕಥೆಯನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ನನಗೆ ಅನಿಸುವ ಮಟ್ಟಿಗೆ, ಮುತ್ತಿನ ಕಥೆಗಿಂತ ಪುಸ್ತಕದ ಒಳಗಿರುವುದೇ ಹೆಚ್ಚು ಚೆನ್ನಾಗಿದೆ.

ಒಳಗೆ ಏನಿದೆ? ನವಿಲಿದೆ, ಹಾವಿದೆ, ಕೋತಿಗಳಿವೆ, ಗಾಳಿಗೆ ಮುರಿದ ಬಿದಿರಿದೆ, ಕೊಳದಲ್ಲಿ ತಾವರೆಯಿದೆ. ಎಲ್ಲವೂ ಲಂಬಕೋನ ತ್ರಿಭುಜದ ಲೆಕ್ಕಗಳೇ! ಬಿದಿರಿನ ಲೆಕ್ಕ ನೋಡಿ. ಸಮನೆಲದ ಮೇಲೆ 32 ಮೊಳ ಎತ್ತರದ ಬಿದಿರು ನಿಂತಿದೆ. ಗಾಳಿಯ ಹೊಡೆತಕ್ಕೆ ಒಂದು ಕಡೆ ಮುರಿಯಿತು. ಮುರಿದ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು. ಬಿದಿರು ಎಷ್ಟು ಎತ್ತರದಲ್ಲಿ ಮುರಿದಿದೆ? ಉತ್ತರ 12 ಮೊಳ. ತಾಳೆ ನೋಡುವುದು ಸುಲಭ. ನಿಂತ ಭಾಗ 12, ಬಾಗಿದ ಭಾಗ 20. 12ರ ವರ್ಗ 144, 16ರ ವರ್ಗ 256, ಕೂಡಿದರೆ 400. ಅದು 20ರ ವರ್ಗ.

ನವಿಲು ಕುಳಿತಿರುವುದು 9 ಮೊಳದ ಕಂಬದ ಮೇಲೆ. ಕಂಬದ ಬುಡದಲ್ಲಿ ಹಾವಿನ ಬಿಲ. ಹಾವು 27 ಮೊಳ ದೂರದಿಂದ ಬಿಲಕ್ಕೆ ಬರುತ್ತಿದೆ. ನವಿಲು ಓರೆಯಾಗಿ ಹಾರಿ ಅದರ ಮೇಲೆ ಎರಗುತ್ತದೆ. ಎರಡೂ ಒಂದೇ ವೇಗದಲ್ಲಿ ಸಾಗಿದರೆ ಬಿಲದಿಂದ ಎಷ್ಟು ದೂರದಲ್ಲಿ ಸೇರುತ್ತವೆ? ಇದಕ್ಕೂ ಉತ್ತರ 12 ಮೊಳವೇ. ಏಕೆಂದು ನೀವೇ ತಾಳೆ ನೋಡಿ.

ಈ ಲೆಕ್ಕಗಳನ್ನೆಲ್ಲ ಬಿಡಿಸಲು ಬೇಕಾದ ಪ್ರಮೇಯ ಒಂದೇ. ನಿಮ್ಮ ಪಾಠದಲ್ಲಿ ಅದನ್ನು ಪೈಥಾಗೊರಸ್ ಪ್ರಮೇಯ ಎನ್ನುತ್ತಾರೆ. ಲಂಬಕೋನವನ್ನು ಸೇರುವ ಎರಡು ಬಾಹುಗಳ ವರ್ಗಗಳನ್ನು ಕೂಡಿದರೆ ವಿಕರ್ಣದ ವರ್ಗ ಬರುತ್ತದೆ. ನಮ್ಮ ದೇಶದಲ್ಲಿ ಯಜ್ಞವೇದಿಗಳನ್ನು ಅಳೆಯುತ್ತಿದ್ದ ಶುಲ್ಬಸೂತ್ರಗಳ ಕಾಲದಿಂದಲೂ ಇದು ಗೊತ್ತಿತ್ತು. ಭಾಸ್ಕರಾಚಾರ್ಯರು ಲಂಬಕೋನದ ಎರಡು ಬಾಹುಗಳನ್ನು ಭುಜ, ಕೋಟಿ ಎನ್ನುತ್ತಾರೆ. ನಾವು ವಿಕರ್ಣ ಎನ್ನುವುದು ಅವರಿಗೆ ಕರ್ಣ.

ನಿಯಮ ಗೊತ್ತಿತ್ತು ಸರಿ. ಆದರೆ ಅದು ಏಕೆ ನಿಜ? ಬೀಜಗಣಿತದಲ್ಲಿ ಅವರು ಎತ್ತಿಕೊಳ್ಳುವುದು ಇದನ್ನೇ. ಭುಜ 15, ಕೋಟಿ 20 ಇರುವಾಗ ಕರ್ಣ ಎಷ್ಟು ಎಂದು ಅಲ್ಲಿ ಕೇಳುತ್ತಾರೆ. ಎಲ್ಲರಿಗೂ ಗೊತ್ತಿರುವ ನಿಯಮಕ್ಕೆ ಕಾರಣವೇನೆಂದೂ ಹೇಳಬೇಕು ಎನ್ನುತ್ತಾರೆ. ಈಗ ನಿಮ್ಮ ಕಾಗದದ ತ್ರಿಭುಜವನ್ನು ಹೊರಗೆ ತೆಗೆಯಿರಿ.

ತ್ರಿಭುಜವನ್ನು ತಿರುಗಿಸಿ. ಉದ್ದನೆಯ ಕರ್ಣ ಕೆಳಗೆ ನೆಲದಂತೆ ಇರಲಿ, ಲಂಬಕೋನದ ಮೂಲೆ ಮೇಲೆ ಬರಲಿ. ಈಗ ಕರ್ಣದ ಒಂದು ಭಾಗ ಇನ್ನೊಂದು ಭಾಗದ ಮೇಲೆ ಸರಿಯಾಗಿ ಕೂರುವಂತೆ, ಮಡಿಕೆ ಮೇಲಿನ ಮೂಲೆಯಿಂದಲೇ ಹಾದುಹೋಗುವಂತೆ ಮಡಚಿ. ಮಡಿಕೆಯ ಗೆರೆ ಕರ್ಣಕ್ಕೆ ಲಂಬವಾಗಿ ಇಳಿದಿರುತ್ತದೆ. ಇದೇ ಕರ್ಣದ ಮೇಲಿನ ಎತ್ತರ. ಹಳೆಯ ಗಣಿತದಲ್ಲಿ ಇದಕ್ಕೆ ಲಂಬ ಎಂದೇ ಹೆಸರು. ಲಂಬ ಇಳಿದ ಜಾಗದಲ್ಲಿ ಕೆಳಗಿನ ಬಾಹು ಎರಡು ತುಂಡಾಗುತ್ತದೆ. ಆ ತುಂಡುಗಳ ಹೆಸರು ಆಬಾಧೆ. ಸ್ಕೇಲಿನಿಂದ ಅಳೆಯಿರಿ. ಲಂಬ 12 ಸೆಂಟಿಮೀಟರ್, ಆಬಾಧೆಗಳು 9 ಮತ್ತು 16 ಸೆಂಟಿಮೀಟರ್ ಬರಬೇಕು.

ಇಲ್ಲಿ ಅನೇಕ ಮಕ್ಕಳು ಎರಡು ತಪ್ಪು ಮಾಡುತ್ತಾರೆ. ಮೊದಲನೆಯದು, ಲಂಬ ಕರ್ಣದ ನಟ್ಟನಡುವೆ ಇಳಿಯುತ್ತದೆ ಎಂದುಕೊಳ್ಳುವುದು. 25ರ ಅರ್ಧ ಹನ್ನೆರಡೂವರೆ. ಲಂಬ ಇಳಿದದ್ದು ಒಂದು ತುದಿಯಿಂದ 9ಕ್ಕೆ. ಭುಜ ಮತ್ತು ಕೋಟಿ ಸಮನಾಗಿದ್ದರೆ ಮಾತ್ರ ಅದು ನಡುವೆ ಬೀಳುತ್ತದೆ. ಎರಡನೆಯದು, ತ್ರಿಭುಜಕ್ಕೆ ಒಂದೇ ಎತ್ತರ ಎಂದುಕೊಳ್ಳುವುದು. ಯಾವ ಬಾಹುವನ್ನು ಪಾದ ಮಾಡಿಕೊಂಡರೂ ಅದಕ್ಕೊಂದು ಎತ್ತರವಿದೆ, ಒಟ್ಟು ಮೂರು. ಲಂಬಕೋನ ತ್ರಿಭುಜದಲ್ಲಿ ಎರಡು ಎತ್ತರಗಳನ್ನು ಹುಡುಕಬೇಕಾಗಿಯೇ ಇಲ್ಲ. 15ನ್ನು ಪಾದ ಮಾಡಿದರೆ 20 ಎತ್ತರ, 20ನ್ನು ಪಾದ ಮಾಡಿದರೆ 15 ಎತ್ತರ. ನಾವು ಮಡಚಿ ಹುಡುಕಿದ್ದು ಮೂರನೆಯದನ್ನು.

ಈಗ ಮಡಿಕೆಯ ಗುಂಟ ಕತ್ತರಿಸಿ. ಎರಡು ಚಿಕ್ಕ ತ್ರಿಭುಜಗಳು ಸಿಕ್ಕವು. ಎರಡರಲ್ಲೂ ಒಂದೊಂದು ಲಂಬಕೋನವಿದೆ. ಚಿಕ್ಕದನ್ನು ದೊಡ್ಡದರ ಮೇಲೆ ಮೂಲೆಗೆ ಮೂಲೆ ತಾಗಿಸಿ ಇಡಿ. ಬೇಕಾದರೆ ಹಿಂದುಮುಂದು ಮಾಡಿ ನೋಡಿ. ಎಲ್ಲ ಕೋನಗಳೂ ಹೊಂದುತ್ತವೆ! ಕತ್ತರಿಸದ ಇನ್ನೊಂದು ತ್ರಿಭುಜ ಮಾಡಿಕೊಂಡು ಅದರ ಮೇಲಿಟ್ಟರೂ ಹೊಂದುತ್ತವೆ. ಕಾರಣ ಹೀಗಿದೆ. ಪ್ರತಿ ಚಿಕ್ಕ ತ್ರಿಭುಜಕ್ಕೂ ದೊಡ್ಡ ತ್ರಿಭುಜದ ಒಂದು ಮೂಲೆ ಹಾಗೆಯೇ ಬಂದಿದೆ. ಲಂಬಕೋನವೂ ಇದೆ. ಎರಡು ಕೋನಗಳು ಸಮನಾದರೆ ಮೂರನೆಯದು ಬೇರೆಯಾಗಲು ಸಾಧ್ಯವಿಲ್ಲ, ಏಕೆಂದರೆ ಮೂರೂ ಸೇರಿ 180 ಡಿಗ್ರಿ ಆಗಲೇಬೇಕು. ಕೋನಗಳು ಸಮನಾಗಿರುವ ಇಂಥ ತ್ರಿಭುಜಗಳಿಗೆ ಸಮರೂಪ ತ್ರಿಭುಜಗಳು ಎಂದು ಹೆಸರು. ಆಕಾರ ಒಂದೇ, ಅಳತೆ ಬೇರೆ.

ಮೂರು ತ್ರಿಭುಜಗಳ ಅಳತೆ ಬರೆದು ನೋಡಿ. ಚಿಕ್ಕದು 9, 12, 15. ಮಧ್ಯದ್ದು 12, 16, 20. ದೊಡ್ಡದು 15, 20, 25. ಮೂರೂ 3, 4, 5ರ ಮನೆಯವೇ. ಒಂದು 3 ಪಟ್ಟು, ಒಂದು 4 ಪಟ್ಟು, ಇನ್ನೊಂದು 5 ಪಟ್ಟು.

ಭಾಸ್ಕರಾಚಾರ್ಯರು ಕಾಗದ ಕತ್ತರಿಸಲಿಲ್ಲ, ಸ್ಕೇಲೂ ಹಿಡಿಯಲಿಲ್ಲ. ಅವರು ಬಳಸಿದ್ದು ತ್ರೈರಾಶಿಕ. 5 ಪೆನ್ನಿಗೆ 50 ರೂಪಾಯಿ ಆದರೆ 8 ಪೆನ್ನಿಗೆ ಎಷ್ಟು ಎಂದು ನೀವು ಮಾಡುತ್ತೀರಲ್ಲ, ಅದೇ ಲೆಕ್ಕ. ಗೊತ್ತಿಲ್ಲದ ಕರ್ಣವನ್ನು ಅವರು ಯಾ ಎಂದು ಕರೆದರು. ಯಾವತ್ ತಾವತ್ ಎಂಬ ಮಾತಿನ ಮೊದಲಕ್ಷರ ಅದು. ನಾವು ಈಗ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಇಡುವಂತೆಯೇ.

ದೊಡ್ಡ ತ್ರಿಭುಜದಲ್ಲಿ ಕರ್ಣ ಯಾ ಇದ್ದಾಗ ಭುಜ 15. ಚಿಕ್ಕ ತ್ರಿಭುಜದಲ್ಲಿ ಕರ್ಣವೇ 15. ಹಾಗಾದರೆ ಅದರ ಭುಜ ಎಷ್ಟು? 15ನ್ನು 15ರಿಂದ ಗುಣಿಸಿ ಯಾದಿಂದ ಭಾಗಿಸಬೇಕು. ಅಂದರೆ 225 ಭಾಗಿಸು ಯಾ. ಇದೇ ಒಂದು ಆಬಾಧೆ. ಇನ್ನೊಂದು ತ್ರಿಭುಜದಲ್ಲಿ ಕರ್ಣ 20. ಅದೇ ರೀತಿ ಮಾಡಿದರೆ ಇನ್ನೊಂದು ಆಬಾಧೆ 400 ಭಾಗಿಸು ಯಾ. ಎರಡು ಆಬಾಧೆ ಕೂಡಿದರೆ ಇಡೀ ಕರ್ಣ, ಅಂದರೆ ಯಾ ಬರಬೇಕು. 225 ಮತ್ತು 400 ಕೂಡಿದರೆ 625. ಯಾವ ಸಂಖ್ಯೆಯಿಂದ 625ನ್ನು ಭಾಗಿಸಿದರೆ ಅದೇ ಸಂಖ್ಯೆ ಬರುತ್ತದೆ? 25! ಕರ್ಣ ಸಿಕ್ಕಿತು. ದಾರಿಯಲ್ಲಿ 15ರ ವರ್ಗ, 20ರ ವರ್ಗ ಎರಡೂ ತಾವಾಗಿಯೇ ಬಂದು ಕೂಡಿಕೊಂಡವು. ನಿಯಮ ಏಕೆ ನಿಜ ಎಂದು ಒಂದು ಲಂಬ ಎಳೆದದ್ದರಿಂದ ಕಾಣಿಸಿತು. 15, 20ರ ಜಾಗದಲ್ಲಿ ಬೇರೆ ಯಾವ ಸಂಖ್ಯೆ ಇಟ್ಟರೂ ಇದೇ ದಾರಿ ನಡೆಯುತ್ತದೆ.

ಗ್ರೀಕ್ ಗಣಿತಜ್ಞ ಯೂಕ್ಲಿಡನ ಆರನೇ ಪುಸ್ತಕದಲ್ಲೂ ಲಂಬಕೋನ ತ್ರಿಭುಜದ ಈ ಲಂಬ ಬರುತ್ತದೆ. ಎರಡು ಚಿಕ್ಕ ತ್ರಿಭುಜಗಳು ಸಮರೂಪ ಎಂದು ಅವನೂ ಸಾಧಿಸಿದ್ದಾನೆ. ಲಂಬ ಯಾರೊಬ್ಬರ ಸ್ವತ್ತೂ ಅಲ್ಲ.

ಅಲ್ಲಿಗೇ ನಿಲ್ಲಿಸದೆ ಆಚಾರ್ಯರು ಇನ್ನೊಂದು ದಾರಿಯನ್ನೂ ತೋರಿಸಿದರು. 15, 20 ಬಾಹುಗಳ ನಾಲ್ಕು ತ್ರಿಭುಜಗಳನ್ನು ಕರ್ಣಗಳು ಹೊರಗೆ ಬರುವಂತೆ ಜೋಡಿಸಿದರೆ ಒಂದು ಚೌಕ ಆಗುತ್ತದೆ, ನಡುವೆ ಸಣ್ಣ ಚೌಕದಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಸಣ್ಣ ಚೌಕದ ಬಾಹು 20ರಲ್ಲಿ 15 ಕಳೆದಷ್ಟು, ಅಂದರೆ 5. ನಾಲ್ಕು ತ್ರಿಭುಜಗಳ ವಿಸ್ತೀರ್ಣ 600, ಖಾಲಿ ಜಾಗ 25, ಒಟ್ಟು 625. ಅವರು ಚಿತ್ರ ಬರೆದು, ನೋಡು ಎಂಬ ಒಂದೇ ಮಾತು ಹೇಳಿ ಸುಮ್ಮನಾದರು ಎಂದು ಕೆಲವು ಪುಸ್ತಕಗಳಲ್ಲಿ ಓದುತ್ತೀರಿ. ಬೀಜಗಣಿತದಲ್ಲಿ ಲೆಕ್ಕವೇ ಇದೆ. ಲೆಕ್ಕ ಬಿಟ್ಟು ಬರೀ ಮಾತನ್ನು ಉಳಿಸಿಕೊಂಡದ್ದು ನಂತರದವರು.

ಲಂಬದ ವಿಷಯದಲ್ಲಿ ಭಾಸ್ಕರಾಚಾರ್ಯರು ಒಮ್ಮೆ ಸಿಟ್ಟಾದದ್ದೂ ಉಂಟು. ಅದನ್ನು ಹೇಳಲೇಬೇಕು.

ಅವರಿಗಿಂತ ಐದು ಶತಮಾನ ಹಿಂದೆ, 628ರಲ್ಲಿ, ಬ್ರಹ್ಮಗುಪ್ತರು ಚತುರ್ಭುಜದ ವಿಸ್ತೀರ್ಣಕ್ಕೆ ಒಂದು ಸೂತ್ರ ಕೊಟ್ಟಿದ್ದರು. ನಾಲ್ಕು ಬಾಹುಗಳ ಉದ್ದ ಗೊತ್ತಿದ್ದರೆ ಸಾಕು, ವಿಸ್ತೀರ್ಣ ಬರುತ್ತದೆ. ಬ್ರಹ್ಮಗುಪ್ತರೆಂದರೆ ಭಾಸ್ಕರಾಚಾರ್ಯರಿಗೆ ಬಹಳ ಗೌರವ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ನಮ್ಮ ನಾಡಿನಲ್ಲಿದ್ದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲೂ ಆ ಸೂತ್ರವಿದೆ. ದೊಡ್ಡವರೆಲ್ಲ ಹೇಳಿದ ಮಾತು. ಆದರೂ ಭಾಸ್ಕರಾಚಾರ್ಯರು ಒಂದು ಚತುರ್ಭುಜ ತೆಗೆದುಕೊಂಡು ಪರೀಕ್ಷಿಸಿದರು. ಕೆಳಗಿನ ಬಾಹು 14, ಮೇಲಿನದು 9, ಪಕ್ಕದವು 13 ಮತ್ತು 12, ಲಂಬವೂ 12.

ನೀವೂ ಚಿತ್ರ ಬರೆಯಿರಿ. 12ರ ಬಾಹು ನೆಟ್ಟಗೆ ನಿಂತಿದೆ, ಅದೇ ಲಂಬ. ಮೇಲಿನ ಬಾಹುವಿನ ಇನ್ನೊಂದು ತುದಿಯಿಂದಲೂ ಒಂದು ಲಂಬ ಇಳಿಸಿ. ಒಂದು ಕಡೆ 9ಕ್ಕೆ 12ರ ಆಯತ, ಅದರ ವಿಸ್ತೀರ್ಣ 108. ಇನ್ನೊಂದು ಕಡೆ 5, 12, 13ರ ಲಂಬಕೋನ ತ್ರಿಭುಜ, ಅದರ ವಿಸ್ತೀರ್ಣ 30. ಒಟ್ಟು 138. ಹಳೆಯ ಸೂತ್ರ ಹಾಕಿದರೆ 19800ರ ವರ್ಗಮೂಲ ಬರುತ್ತದೆ, ಅದು 141ಕ್ಕೆ ಸ್ವಲ್ಪ ಕಡಿಮೆ. 138 ಎಲ್ಲಿ, 141 ಎಲ್ಲಿ!

ತಪ್ಪು ಎಲ್ಲಿದೆ ಎಂದು ತಿಳಿಯಲು ನಾಲ್ಕು ಪೊರಕೆ ಕಡ್ಡಿಗಳನ್ನು ಸಮನಾಗಿ ಮುರಿದುಕೊಳ್ಳಿ. ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ಮೂಲೆಗಳನ್ನು ಜೋಡಿಸಿ ಚೌಕ ಮಾಡಿ. ಒಂದು ಮೂಲೆಯನ್ನು ಮೆಲ್ಲಗೆ ಒತ್ತಿ. ಚೌಕ ವಾಲುತ್ತದೆ, ಚಪ್ಪಟೆಯಾಗುತ್ತದೆ. ಬಾಹುಗಳು ಒಂದಿಷ್ಟೂ ಬದಲಾಗಿಲ್ಲ, ಆದರೆ ಒಳಗಿನ ಜಾಗ ಕಡಿಮೆಯಾಗುತ್ತಲೇ ಹೋಗುತ್ತದೆ. ಕೊನೆಗೆ ಕಡ್ಡಿಗಳು ಒಂದರ ಮೇಲೊಂದು ಮಲಗಿದಾಗ ವಿಸ್ತೀರ್ಣ ಸೊನ್ನೆ! ಬದಲಾದದ್ದು ಲಂಬ. ಮೂರು ಕಡ್ಡಿಗಳ ತ್ರಿಭುಜ ಹೀಗೆ ವಾಲುವುದಿಲ್ಲ, ಒತ್ತಿ ನೋಡಿ. ಆದ್ದರಿಂದ ಚತುರ್ಭುಜಕ್ಕೆ ನಾಲ್ಕು ಬಾಹುಗಳನ್ನು ಮಾತ್ರ ಹೇಳಿ, ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ವಿಸ್ತೀರ್ಣ ಕೇಳುವುದೇ ಸರಿಯಲ್ಲ ಎಂದು ಭಾಸ್ಕರಾಚಾರ್ಯರು ತೋರಿಸಿದರು. ಹಾಗೆ ಕೇಳುವವರನ್ನೂ, ಕೇಳಿದ್ದಕ್ಕೆ ಉತ್ತರ ಕೊಡುವವರನ್ನೂ ಸೇರಿಸಿ ಕಟುವಾಗಿಯೇ ಬೈದಿದ್ದಾರೆ.

ಬ್ರಹ್ಮಗುಪ್ತರ ಸೂತ್ರ ಸುಳ್ಳಲ್ಲ. ಚತುರ್ಭುಜದ ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕುಳಿತಿದ್ದರೆ ಅದು ಪೂರ್ತಿ ಸರಿ. ಈಗ ಗಣಿತಜ್ಞರು ಅದನ್ನು ಬಹಳ ಮೆಚ್ಚುತ್ತಾರೆ. ಎಲ್ಲ ಚತುರ್ಭುಜಗಳಿಗೂ ಅದನ್ನೇ ಹಾಕಿದಾಗ ತಪ್ಪಾಗುತ್ತದೆ. ವೃತ್ತದ ಮಾತನ್ನು ಭಾಸ್ಕರಾಚಾರ್ಯರು ಗಮನಿಸಲಿಲ್ಲ. ಅವರ ಟೀಕೆ ಅರ್ಧ ಸರಿ, ಅರ್ಧ ಅವಸರದ್ದು ಎಂದು ನನಗೆ ಅನಿಸುತ್ತದೆ. ಆದರೂ ಗುರುವಿನಂಥವರ ಸೂತ್ರವನ್ನು ಒಂದು ಲಂಬ ಎಳೆದು ಅಳೆದು ನೋಡಿದರಲ್ಲ, ಅದು ಸಣ್ಣ ಕೆಲಸವಲ್ಲ.

ತ್ರಿಭುಜದ ಲಂಬ ಕೆಲವೊಮ್ಮೆ ತ್ರಿಭುಜದ ಹೊರಗೇ ಬೀಳುತ್ತದೆ. ಲೀಲಾವತಿಯಲ್ಲಿ ಅಂಥದ್ದೂ ಒಂದಿದೆ. ಪಾದ 9, ಉಳಿದ ಬಾಹುಗಳು 10 ಮತ್ತು 17. ಲೆಕ್ಕ ಹಾಕಿದರೆ ಒಂದು ಆಬಾಧೆ 15, ಇನ್ನೊಂದು ಋಣ 6 ಬರುತ್ತದೆ. ಉದ್ದ ಋಣವಾಗುವುದು ಹೇಗೆ? ಬೇರೆ ಯಾರಾದರೂ ಲೆಕ್ಕ ತಪ್ಪಾಯಿತೆಂದು ಒರೆಸಿಬಿಡುತ್ತಿದ್ದರೋ ಏನೋ. ಆಚಾರ್ಯರು ಒರೆಸಲಿಲ್ಲ. ಋಣ ಎಂದರೆ ವಿರುದ್ಧ ದಿಕ್ಕು ಎಂದು ಅರ್ಥ ಹೇಳಿದರು. ಪಾದವನ್ನು ಹಿಂದಕ್ಕೆ 6ರಷ್ಟು ಬೆಳೆಸಿದರೆ ಲಂಬ ಅಲ್ಲಿ ಇಳಿಯುತ್ತದೆ, ಅದರ ಉದ್ದ 8. ನಿಮ್ಮ ಸಂಖ್ಯಾರೇಖೆಯಲ್ಲಿ ಸೊನ್ನೆಯ ಎಡಕ್ಕಿರುವ ಸಂಖ್ಯೆಗಳು ಇಲ್ಲಿ ಕಾಗದದ ಮೇಲೆ ನಿಜವಾಗಿಯೂ ಎಡಕ್ಕೆ ಹೋಗುತ್ತವೆ.

ಮಳೆಗಾಲದ ಒಂದು ಮಧ್ಯಾಹ್ನ ಮಾಡಲು ಇನ್ನೊಂದು ಆಟ ಹೇಳುತ್ತೇನೆ, ಇದೂ ಲೀಲಾವತಿಯದೇ. 15 ಮತ್ತು 10 ಮೊಳದ ಎರಡು ಬಿದಿರುಗಳು ನೆಟ್ಟಗೆ ನಿಂತಿವೆ. ಪ್ರತಿಯೊಂದರ ತುದಿಯಿಂದ ಇನ್ನೊಂದರ ಬುಡಕ್ಕೆ ಹಗ್ಗ ಕಟ್ಟಿದೆ. ಹಗ್ಗಗಳು ಹಾದುಹೋಗುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ? ಬಿದಿರುಗಳ ನಡುವಿನ ದೂರ ಎಷ್ಟೆಂದು ಆಚಾರ್ಯರು ಹೇಳಿಯೇ ಇಲ್ಲ! ಸೆಂಟಿಮೀಟರಿನಲ್ಲಿ ಬರೆದು ನೋಡಿ. ದೂರ 10 ಇಟ್ಟು ಒಮ್ಮೆ, 20 ಇಟ್ಟು ಇನ್ನೊಮ್ಮೆ, ನಿಮಗೆ ತೋಚಿದಷ್ಟು ಇಟ್ಟು ಮತ್ತೊಮ್ಮೆ. ಹಾದುಹೋಗುವ ಜಾಗದಿಂದ ನೆಲಕ್ಕೆ ಲಂಬ ಇಳಿಸಿ ಅಳೆದರೆ ಪ್ರತಿ ಸಲವೂ 6 ಬರುತ್ತದೆ. 15ನ್ನು 10ರಿಂದ ಗುಣಿಸಿ, ಅವುಗಳ ಮೊತ್ತ 25ರಿಂದ ಭಾಗಿಸಿದರೂ 6. ಏಕೆ ಹೀಗೆ ಎಂಬುದಕ್ಕೆ ಸಮರೂಪ ತ್ರಿಭುಜಗಳೇ ಉತ್ತರ. ನಿಮ್ಮ ಚಿತ್ರದಲ್ಲಿ ಅವನ್ನು ಹುಡುಕಿ, ಹೊಳೆಯದಿದ್ದರೆ ಗಣಿತದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ.

ಭಾಸ್ಕರಾಚಾರ್ಯರ ಉಳಿದ ಕೆಲಸಗಳನ್ನು ಹೇಳಹೊರಟರೆ ಈ ಪುಟ ಸಾಲದು. ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಒಂದು ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಇನ್ನೊಂದು ಪೂರ್ಣಸಂಖ್ಯೆಯ ವರ್ಗ ಬರಬೇಕು. ಸೊನ್ನೆಯನ್ನು ಬಿಟ್ಟರೆ ಅಂಥ ಅತಿ ಚಿಕ್ಕ ಸಂಖ್ಯೆ 226153980! ಚಕ್ರವಾಳ ಎಂಬ ವಿಧಾನದಿಂದ ಅವರು ಇದನ್ನು ಕಂಡುಹಿಡಿದರು. 1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ರ ಪ್ರಶ್ನೆಯನ್ನು ತನ್ನ ಕಾಲದ ಗಣಿತಜ್ಞರಿಗೆ ಸವಾಲಾಗಿ ಹಾಕಿದ. ಭಾಸ್ಕರಾಚಾರ್ಯರ ಉತ್ತರ ಆಗಲೇ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಗೋಲಾಧ್ಯಾಯದಲ್ಲಿ ಅವರು ಆಕಾಶ ಅಳೆಯುವ ಹಲವು ಯಂತ್ರಗಳನ್ನು ವರ್ಣಿಸುತ್ತಾರೆ. ಕೊನೆಗೆ ಬರುವುದು ಧೀಯಂತ್ರ. ಧೀ ಎಂದರೆ ಬುದ್ಧಿ. ಅದಕ್ಕೆ ಬೇಕಾದದ್ದು ಒಂದು ಕೋಲು ಮಾತ್ರ. ಕೋಲನ್ನು ಕಣ್ಣಿಗೆ ಹಿಡಿದು ದೂರದ ಬಿದಿರಿನ ಬುಡವನ್ನೂ ತುದಿಯನ್ನೂ ಗುರಿಯಿಟ್ಟು ನೋಡಿ, ಮತ್ತೆ ತ್ರೈರಾಶಿಕ ಹಾಕಿ ಅದರ ದೂರ ಮತ್ತು ಎತ್ತರ ಹೇಳುವುದು. ಮರ ಹತ್ತಬೇಕಾಗಿಲ್ಲ.

69ನೇ ವಯಸ್ಸಿನಲ್ಲೂ ಅವರು ಬರೆಯುತ್ತಿದ್ದರು. 1183ನೇ ವರ್ಷವನ್ನು ಆರಂಭವಾಗಿಟ್ಟುಕೊಂಡ ಕರಣಕುತೂಹಲ ಎಂಬ ಖಗೋಳದ ಕೈಪಿಡಿ ಅವರದು. ಮಗ ಲಕ್ಷ್ಮೀಧರ ದೊಡ್ಡ ವಿದ್ವಾಂಸನಾಗಿ ದೇವಗಿರಿಯ ಯಾದವರ ಆಸ್ಥಾನ ಸೇರಿದ. ಮೊಮ್ಮಗ ಚಾಂಗದೇವ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿ ಜ್ಯೋತಿಷಿಯಾಗಿದ್ದ. ತಾತನ ಗ್ರಂಥಗಳನ್ನು ಪಾಠ ಹೇಳುವುದಕ್ಕೆಂದೇ ಪಾಟಣದಲ್ಲಿ ಅವನು ಒಂದು ಮಠ ಮಾಡಿದ. ಅಲ್ಲಿನ ಅರಸರು 1207ರಲ್ಲಿ ಅದಕ್ಕೆ ದಾನ ಕೊಟ್ಟರು. ಇದನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸಿದ್ದರು. 19ನೇ ಶತಮಾನದಲ್ಲಿ ಮುಂಬಯಿಯ ವೈದ್ಯ, ವಿದ್ವಾಂಸ ಭಾವು ದಾಜಿ ಆ ಶಾಸನವನ್ನು ಪತ್ತೆಮಾಡಿ ಓದಿದರು. ನಮಗೆ ಆ ಮನೆತನದ ಇಷ್ಟು ವಿವರ ಸಿಕ್ಕಿದ್ದು ಆ ಕಲ್ಲಿನಿಂದ. ಅದರಲ್ಲಿ ತಂದೆಯ ಹೆಸರಿದೆ, ಮಗನ ಹೆಸರಿದೆ, ಮೊಮ್ಮಗನ ಹೆಸರಿದೆ. ಲೀಲಾವತಿಯ ಹೆಸರಿಲ್ಲ.

ಲೀಲಾವತಿ ಪುಸ್ತಕ ಮಾತ್ರ ಶತಮಾನಗಳ ಕಾಲ ನಮ್ಮ ಪಾಠಶಾಲೆಗಳಲ್ಲಿ ನಡೆಯಿತು. 1545ರಲ್ಲಿ ಗಣೇಶ ದೈವಜ್ಞರು ಅದಕ್ಕೆ ಬುದ್ಧಿವಿಲಾಸಿನಿ ಎಂಬ ವ್ಯಾಖ್ಯಾನ ಬರೆದು, ಪ್ರತಿ ನಿಯಮಕ್ಕೂ ಕಾರಣ ಕೊಡಲು ಶ್ರಮಪಟ್ಟರು. 1816 ಮತ್ತು 1817ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಬೆಂಗಳೂರಿನಲ್ಲಿ ಇಸ್ರೋ ತಯಾರಿಸಿದ, ಭೂಮಿಯನ್ನು ಮೇಲಿನಿಂದ ನೋಡುವ ಎರಡು ಉಪಗ್ರಹಗಳು 1979 ಮತ್ತು 1981ರಲ್ಲಿ ಆಕಾಶಕ್ಕೆ ಏರಿದವು. ಅವುಗಳಿಗೆ ಭಾಸ್ಕರ ಎಂದೇ ಹೆಸರಿಟ್ಟಿದ್ದರು. 7ನೇ ಶತಮಾನದಲ್ಲಿ ಭಾಸ್ಕರ ಎಂಬ ಹೆಸರಿನ ಇನ್ನೊಬ್ಬ ಗಣಿತಜ್ಞರೂ ಇದ್ದರು. ಹೆಸರು ಇಬ್ಬರಿಗೂ ಸಲ್ಲುತ್ತದೆ.

ನಿಮ್ಮ ಕತ್ತರಿಸಿದ ಕಾಗದದ ತುಂಡುಗಳು ಇನ್ನೂ ಇದ್ದರೆ ಅವನ್ನು ನೋಟ್‌ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಈ ಲೆಕ್ಕ ಮಾಡಿ. ಭುಜ 30, ಕೋಟಿ 40. ಕರ್ಣ ಎಷ್ಟು? ಕರ್ಣದ ಮೇಲಿನ ಲಂಬ ಎಷ್ಟು? ಎರಡು ಆಬಾಧೆಗಳು ಎಷ್ಟೆಷ್ಟು? ಒಂದು ಸುಳಿವು: ತ್ರಿಭುಜದ ವಿಸ್ತೀರ್ಣವನ್ನು ಎರಡು ರೀತಿಯಲ್ಲಿ ಬರೆಯಬಹುದು. ಭುಜ, ಕೋಟಿಗಳ ಗುಣಲಬ್ಧದ ಅರ್ಧ ಒಂದು. ಕರ್ಣ, ಲಂಬಗಳ ಗುಣಲಬ್ಧದ ಅರ್ಧ ಇನ್ನೊಂದು. ಎರಡೂ ಒಂದೇ ಆಗಬೇಕಲ್ಲವೇ? ಲೆಕ್ಕ ಮುಗಿದ ಮೇಲೆ ಎರಡು ಆಬಾಧೆಗಳನ್ನು ಗುಣಿಸಿ, ಬಂದದ್ದನ್ನು ಲಂಬದ ವರ್ಗದ ಜೊತೆ ಹೋಲಿಸಿ ನೋಡಿ.

(ಉತ್ತರ: ಕರ್ಣ 50, ಲಂಬ 24, ಆಬಾಧೆಗಳು 18 ಮತ್ತು 32.)